ಎರಡು ಕಣ, ಒಂದೇ ರೂಪ: ಕಿರುಹೊತ್ತಗೆಯ ಮೂರನೆಯ ಪ್ರಗತಿ ಟಿಪ್ಪಣಿ

ಕನ್ನಡ ಮಾಧ್ಯಮದ ಪ್ರೌಢಶಾಲೆಯ ಮಕ್ಕಳಿಗಾಗಿ ರಕ್ತಕ್ಯಾನ್ಸರ್ ಮತ್ತು ರೋಗನಿರೋಧಕ ಕಣಗಳ ಕುರಿತು ನಾನು ಬರೆಯುತ್ತಿರುವ 36 ಪುಟಗಳ ಕಿರುಹೊತ್ತಗೆಯಲ್ಲಿ ಈ ತಿಂಗಳ ಕೊನೆಗೆ 22 ಪುಟಗಳು ಸಿದ್ಧವಾಗಿವೆ. ಕಳೆದ ಟಿಪ್ಪಣಿಯಲ್ಲಿ 25 ಎಂದು ಬರೆದಿದ್ದೆ. ಲೆಕ್ಕ ತಪ್ಪಿದ್ದಲ್ಲ, ಮೂರು ಪುಟಗಳನ್ನು ನಾನೇ ಹರಿದು ಹಾಕಿದ್ದೇನೆ.

ಹರಿದ ಪುಟಗಳಲ್ಲಿ ಬಿಳಿ ರಕ್ತಕಣಗಳನ್ನು ಸೈನಿಕರೆಂದೂ ರೋಗವನ್ನು ಶತ್ರುವೆಂದೂ ವರ್ಣಿಸಿದ್ದೆ. ಶಾಲೆಯಲ್ಲಿ ನಾವೆಲ್ಲ ಕಲಿತದ್ದು ಹಾಗೆಯೇ. ಚಿತ್ರ ಬಿಡಿಸಿಕೊಡುತ್ತಿರುವ ನೆರೆಮನೆಯ ಹುಡುಗಿ, ಪ್ಲಸ್ ಟು ವಿದ್ಯಾರ್ಥಿನಿ, ಕರಡನ್ನು ಓದಿ, “ಮಾವ, ಇಲ್ಲಿ ಶತ್ರುವಾದದ್ದು ಸೈನಿಕನೇ ಅಲ್ಲವಾ? ಹಾಗಾದರೆ ಇಬ್ಬರನ್ನೂ ಒಂದೇ ಅಂಗಿ ಹಾಕಿಸಿ ಬಿಡಿಸಬೇಕಾ?” ಎಂದು ಕೇಳಿದಳು. ಅವಳ ಪ್ರಶ್ನೆ ಸರಿಯಾಗಿಯೇ ಇತ್ತು. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ತೀವ್ರ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಎಂಬ ರಕ್ತಕ್ಯಾನ್ಸರಿನಲ್ಲಿ ಬಹುಪಾಲು ಕೆಡುವುದು, ರೋಗಾಣುಗಳಿಗೆ ಅಂಟುವ ಪ್ರತಿಕಾಯಗಳನ್ನು ತಯಾರಿಸಬೇಕಾದ ಬಿ ಲಿಂಫೋಸೈಟ್ ಎಂಬ ಬಿಳಿ ರಕ್ತಕಣದ ಎಳೆಯ ರೂಪ. ಅದು ಹೊರಗಿನಿಂದ ಬಂದದ್ದಲ್ಲ. ನಮ್ಮದೇ ಅಸ್ಥಿಮಜ್ಜೆಯಲ್ಲಿ ಹುಟ್ಟಿ, ಬೆಳೆಯುವುದನ್ನು ಬಿಟ್ಟು ಬರಿದೇ ಹೆಚ್ಚುತ್ತಾ ಹೋಗುವ ಕಣ.

ಹೊಸದಾಗಿ ಬರೆಯುವ ಮೊದಲು ಕಣಗಳನ್ನು ಮತ್ತೊಮ್ಮೆ ಕಣ್ಣಾರೆ ನೋಡಬೇಕೆನಿಸಿತು. ಮೂವತ್ತು ವರ್ಷ ಲ್ಯಾಬ್ ಟೆಕ್ನಿಷಿಯನ್ ಆಗಿದ್ದವನ ಬಳಿ ಹಳೆಯ ಸೂಕ್ಷ್ಮದರ್ಶಕವೊಂದು ಉಳಿದಿದೆ. ಕಾಸರಗೋಡಿನ ಬದಿಯಡ್ಕದ ಮಳೆಗಾಲದಲ್ಲಿ ಮಸೂರಕ್ಕೆ ಬೂಸ್ಟು ಹಿಡಿಯುವುದರಿಂದ ಅದನ್ನು ಬಲ್ಬು ಉರಿಯುವ ಮರದ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದೇನೆ. ಬೆರಳ ತುದಿಯನ್ನು ಚುಚ್ಚಿ, ಒಂದು ಹನಿ ರಕ್ತವನ್ನು ಗಾಜಿನ ಮೇಲೆ ನಾಲಗೆಯ ಆಕಾರದಲ್ಲಿ ಎಳೆದು, ಒಣಗಿಸಿ, ಲೀಷ್ಮನ್ ಬಣ್ಣವನ್ನು ಎರಡು ನಿಮಿಷ ನಿಲ್ಲಿಸಿ, ಅದರ ಎರಡರಷ್ಟು ನೀರನ್ನು ಸೇರಿಸಿ ಎಂಟು ನಿಮಿಷ ಕಾದೆ. ಮೊದಲ ನಾಲ್ಕು ಗಾಜುಗಳೂ ಕೆಟ್ಟುಹೋದವು: ಕೆಂಪು ಕಣಗಳು ಕುಂಕುಮ ಚೆಲ್ಲಿದಂತೆ ಕಂಡರೆ, ನೇರಳೆ ಬಣ್ಣಕ್ಕೆ ತಿರುಗಬೇಕಾದ ಕೋಶಕೇಂದ್ರಗಳು ಪೇಲವವಾಗಿದ್ದವು. ಬಣ್ಣ ಹಳತಾಯಿತೆಂದು ಎರಡು ದಿನ ಅದನ್ನೇ ಬೈದ ಮೇಲೆ ತಪ್ಪು ನೀರಿನದೆಂದು ಹೊಳೆಯಿತು. ಮುರಕಲ್ಲಿನ ನೆಲದ ನಮ್ಮ ಬಾವಿಯ ನೀರು ಆಮ್ಲೀಯ. ಈ ಬಣ್ಣಕ್ಕೆ ಪಿಎಚ್ 6.8ರಲ್ಲೇ ನಿಲ್ಲುವ ಬಫರ್ ನೀರು ಬೇಕು. ಆಸ್ಪತ್ರೆಯ ಕಪಾಟಿನಲ್ಲಿ ಬಫರ್ ಮಾತ್ರೆಗಳು ಸದಾ ಇರುತ್ತಿದ್ದುದರಿಂದ ಇಷ್ಟು ವರ್ಷ ಈ ಪಾಠವನ್ನು ಕಲಿಯುವ ಪ್ರಮೇಯವೇ ಬಂದಿರಲಿಲ್ಲ. ಐದನೆಯ ಗಾಜಿನಲ್ಲಿ ಎಲ್ಲವೂ ತಿಳಿಯಾಗಿ ಕಂಡಿತು.

ಎಣ್ಣೆ ಹನಿಸಿ ನೂರರ ಮಸೂರದಲ್ಲಿ ನೋಡಿದಾಗ, ಸಣ್ಣ ಲಿಂಫೋಸೈಟಿನ ಕೋಶಕೇಂದ್ರ ಪಕ್ಕದ ಕೆಂಪು ಕಣದಷ್ಟೇ ದೊಡ್ಡದು, ಅಂದರೆ ಸುಮಾರು 7 ಮೈಕ್ರಾನ್. ಅದರ ಸುತ್ತ ತಿಳಿನೀಲಿಯ ತೆಳುವಾದ ಅಂಚು, ಅಷ್ಟೇ. ಒಂದು ಮಧ್ಯಾಹ್ನವಿಡೀ ಕುಳಿತು ನಲ್ವತ್ತು ಲಿಂಫೋಸೈಟುಗಳನ್ನು ನೋಡಿದೆ. ಅವುಗಳಲ್ಲಿ ರೋಗ ತಗಲಿದ ಕಣಗಳನ್ನು ಕೊಲ್ಲಬಲ್ಲ ಟಿ ಕಣ ಯಾವುದು, ಪ್ರತಿಕಾಯ ತಯಾರಿಸುವ ಬಿ ಕಣ ಯಾವುದು ಎಂದು ನನಗೆ ಹೇಳಲಾಗಲಿಲ್ಲ. ಹೇಳಲು ಯಾರಿಗೂ ಸಾಧ್ಯವಿಲ್ಲ. ನಮ್ಮೂರಲ್ಲಿ ಚಾಲಿ ಅಡಿಕೆಯನ್ನು ಹೆಕ್ಕುವವರು ಮಾತಾಡುತ್ತಲೇ ಕಳಪೆ ಅಡಿಕೆಯಾದ ಪಟೋರವನ್ನು ಬೇರೆ ರಾಶಿಗೆ ಎಸೆಯುತ್ತಾರೆ. ಲಿಂಫೋಸೈಟುಗಳಲ್ಲಿ ಆ ಚಾಕಚಕ್ಯ ನಡೆಯದು. ಟಿ ಕಣದ ಮೈಮೇಲೆ ಸಿಡಿ3 ಎಂಬ ಪ್ರೋಟೀನೂ ಬಿ ಕಣದ ಮೈಮೇಲೆ ಸಿಡಿ19 ಎಂಬುದೂ ಇರುತ್ತವೆ. ಅವುಗಳಿಗೆ ಅಂಟುವ ಪ್ರತಿಕಾಯಗಳಿಂದ ಪರೀಕ್ಷಿಸಿದರೆ ಮಾತ್ರ ಗುರುತು ಹತ್ತುತ್ತದೆ. ಆದ್ದರಿಂದ ಇವೆರಡನ್ನು ಕೆಂಪು, ಹಸಿರು ಎಂದು ಬಣ್ಣ ಹಚ್ಚಿ ತೋರಿಸುವುದು ಸುಳ್ಳಾಗುತ್ತದೆಂದು ಹುಡುಗಿಗೆ ಹೇಳಿದೆ. ಅವಳು ಎರಡನ್ನೂ ಒಂದೇ ನೇರಳೆಯಲ್ಲಿ ಬಿಡಿಸಿ, ಅಂಚಿನಲ್ಲಿ ಮಾತ್ರ ಬೇರೆ ಬೇರೆ ಆಕಾರದ ಗುರುತುಗಳನ್ನು ಇಟ್ಟಿದ್ದಾಳೆ. ಹೊತ್ತಗೆಯ ದಾರಿ ನನಗೆ ಸಿಕ್ಕಿದ್ದು ಆ ಚಿತ್ರದಿಂದ. ಸೈನಿಕ, ಶತ್ರು ಎರಡೂ ಹೋಗಿ, ‘ಗುರುತು’ ಎಂಬ ಒಂದೇ ಮಾತು ಉಳಿದಿದೆ.

ಟಿ ಕಣಗಳನ್ನು ಮಾರ್ಪಡಿಸಿ ಕ್ಯಾನ್ಸರಿಗೆ ಔಷಧವಾಗಿಸುವ ‘ಕಾರ್-ಟಿ’ ಚಿಕಿತ್ಸೆಯ ಕುರಿತ ಕಾರ್ಲ್ ಜೂನ್ ಅವರ ಸಂಶೋಧನೆಯ ಅಧ್ಯಾಯ ಈಗ ಆ ಮಾತಿನ ಮೇಲೆಯೇ ನಿಂತಿದೆ. ಟಿ ಕಣಕ್ಕೆ ಪ್ರತಿಕಾಯದ ಗುರುತು ಹಿಡಿಯುವ ಭಾಗವನ್ನು ಜೋಡಿಸಬಹುದೆಂದು 1980ರ ದಶಕದ ಕೊನೆಯಲ್ಲಿ ತೋರಿಸಿದವರು ಇಸ್ರೇಲಿನ ಜೆಲಿಗ್ ಎಶ್ಹಾರ್ ಮತ್ತು ಅವರ ಸಂಗಡಿಗರು. ಆದರೆ ಆ ಮೊದಲ ತಲೆಮಾರಿನ ಕಣಗಳು ಗುರುತು ಹಿಡಿದರೂ ದೇಹದಲ್ಲಿ ಹೆಚ್ಚು ಕಾಲ ಬಾಳುತ್ತಿರಲಿಲ್ಲ. ಟಿ ಕಣ ಹೆಚ್ಚಿ ಉಳಿಯಬೇಕಾದರೆ ಗುರುತು ಸಿಕ್ಕಿತೆಂಬ ಸಂಜ್ಞೆಯ ಜೊತೆಗೆ ಎರಡನೆಯದೊಂದು ಸಂಜ್ಞೆಯೂ ಬೇಕು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದ ಜೂನ್ ಅವರ ತಂಡ ಬಳಸಿದ ರಚನೆಯಲ್ಲಿ ಆ ಕೆಲಸವನ್ನು ಮಾಡುವುದು 4-1ಬಿಬಿ ಎಂಬ ತುಣುಕು. ರೋಗಿಯ ರಕ್ತದಿಂದ ಟಿ ಕಣಗಳನ್ನು ತೆಗೆದು, ರೋಗ ಹರಡುವ ಶಕ್ತಿಯನ್ನು ಕಳೆದುಕೊಂಡ ಎಚ್‌ಐವಿ ಮೂಲದ ವೈರಸ್ಸಿನ ಮೂಲಕ ಸಿಡಿ19ನ್ನು ಗುರುತಿಸುವಂತೆ ಮಾಡುವ ಹೊಸ ಜೀನನ್ನು ಒಳಸೇರಿಸಿ, ಪ್ರಯೋಗಾಲಯದಲ್ಲಿ ಬೆಳೆಸಿ, ಅದೇ ರೋಗಿಗೆ ಮರಳಿ ಕೊಡುವ ಈ ಕ್ರಮವನ್ನು ಅವರು 2010ರಲ್ಲಿ ದೀರ್ಘಕಾಲಿಕ ಲಿಂಫೋಸೈಟಿಕ್ ಲ್ಯುಕೇಮಿಯಾದ ಮೂವರಲ್ಲಿ ಮೊದಲು ಪ್ರಯೋಗಿಸಿದರು. 2011ರ ವರದಿಯಂತೆ ಒಂದೊಂದು ಕಣವೂ ಕನಿಷ್ಠ ಸಾವಿರ ಕ್ಯಾನ್ಸರ್ ಕಣಗಳನ್ನು ನಾಶಮಾಡಿತ್ತು. ಇಬ್ಬರಲ್ಲಿ ಹತ್ತು ವರ್ಷಗಳ ಬಳಿಕವೂ ಆ ಟಿ ಕಣಗಳು ರಕ್ತದಲ್ಲಿ ಸಿಕ್ಕಿದವೆಂದು 2022ರಲ್ಲಿ ಪ್ರಕಟವಾಯಿತು. ಮಾತ್ರೆಯೊಂದು ಹತ್ತು ವರ್ಷ ಹೊಟ್ಟೆಯಲ್ಲಿ ಉಳಿಯುವುದನ್ನು ಊಹಿಸಲಾಗುವುದಿಲ್ಲ. ಇದು ಜೀವಂತ ಔಷಧವೆಂಬುದಕ್ಕೆ ಮಕ್ಕಳಿಗೆ ಬೇರೆ ವಿವರಣೆ ಬೇಕಿಲ್ಲವೆಂದು ನನ್ನ ಅನಿಸಿಕೆ.

2012ರ ಎಮಿಲಿ ವೈಟ್‌ಹೆಡ್ ಪ್ರಸಂಗವನ್ನು ಎರಡು ಸಲ ತಿದ್ದಿ ಬರೆದೆ. ಈ ಚಿಕಿತ್ಸೆಯನ್ನು ಪಡೆದ ಮೊದಲ ಮಗು ಅವಳು. ಆಗ ಆರು ವರ್ಷ. ಕಣಗಳನ್ನು ಕೊಟ್ಟ ಕೆಲವೇ ದಿನಗಳಲ್ಲಿ ತೀವ್ರ ಜ್ವರ ಬಂದು, ರಕ್ತದೊತ್ತಡ ಕುಸಿದು, ಉಸಿರಾಟಕ್ಕೆ ಯಂತ್ರ ಬೇಕಾಯಿತು. ಮೊದಲ ಕರಡಿನಲ್ಲಿ ಇದನ್ನು ‘ಚಿಕಿತ್ಸೆಯ ಅಡ್ಡಪರಿಣಾಮ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೆ. ಆದರೆ ಟಿ ಕಣಗಳು ಕೆಲಸ ಮಾಡದಿದ್ದುದರಿಂದಲ್ಲ, ಭರದಿಂದ ಮಾಡಿದ್ದರಿಂದಲೇ ಅವಳ ಸ್ಥಿತಿ ಹಾಗಾಯಿತು. ರಕ್ತದಲ್ಲಿ ಇಂಟರ್‌ಲ್ಯೂಕಿನ್-6 ಎಂಬ, ಉರಿಯೂತವನ್ನು ಹೆಚ್ಚಿಸುವ ಪ್ರೋಟೀನು ವಿಪರೀತ ಏರಿತ್ತು. ಅದನ್ನು ತಡೆಯುವ ಟೋಸಿಲಿಜುಮಾಬ್ ಸಂಧಿವಾತದ ಔಷಧ. ಜೂನ್ ಅವರ ಮಗಳಿಗೇ ಬಾಲ್ಯದ ಸಂಧಿವಾತ ಇದ್ದುದರಿಂದ ಅದರ ಪರಿಚಯ ಅವರಿಗಿತ್ತು. ಔಷಧ ಕೊಟ್ಟ ಕೆಲವೇ ಗಂಟೆಗಳಲ್ಲಿ ಮಗು ಚೇತರಿಸತೊಡಗಿ, ತನ್ನ ಏಳನೆಯ ಹುಟ್ಟುಹಬ್ಬದಂದು ಕಣ್ಣು ತೆರೆದಳು. ಇದೇ ಚಿಕಿತ್ಸೆಗೆ 2017ರ ಆಗಸ್ಟಿನಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು.

ಸೈನಿಕರ ಕಥೆಯಲ್ಲಿ ಹೇಳಲಾಗದ ಇನ್ನೊಂದು ಸಂಗತಿಗೂ ಈಗ ಜಾಗ ಸಿಕ್ಕಿದೆ. ಸಿಡಿ19 ಕೆಟ್ಟ ಬಿ ಕಣದ ಮೇಲೂ ಇರುತ್ತದೆ, ಒಳ್ಳೆಯದರ ಮೇಲೂ ಇರುತ್ತದೆ. ಹೊಸ ಟಿ ಕಣ ಗುರುತನ್ನಷ್ಟೇ ಬಲ್ಲುದಾದ್ದರಿಂದ ಎರಡನ್ನೂ ಕೊಲ್ಲುತ್ತದೆ. ಹೀಗೆ ಬಿ ಕಣಗಳಿಲ್ಲದೆ ಬದುಕುವವರಲ್ಲಿ ಹಲವರಿಗೆ ಪ್ರತಿಕಾಯಗಳನ್ನು ಹೊರಗಿನಿಂದ ಕೊಡಬೇಕಾಗುತ್ತದೆ. ಕ್ಯಾನ್ಸರ್ ಕಣವೇ ಸಿಡಿ19ನ್ನು ಕಳಚಿಕೊಂಡು ಮರಳುವುದೂ ಉಂಟು. ಹುಡುಗಿ ಈ ಪುಟಕ್ಕೆ ಗುರುತಿಲ್ಲದ ಬೋಳು ನೇರಳೆ ಕಣವೊಂದನ್ನು ಬಿಡಿಸಿದ್ದಾಳೆ. ನನಗೆ ಅತ್ಯಂತ ಮೆಚ್ಚುಗೆಯಾದ ಚಿತ್ರ ಅದೇ.

ಪದಗಳ ವಿಷಯದಲ್ಲಿ ಹೆಚ್ಚು ಹೊತ್ತು ಕಳೆಯಲಿಲ್ಲ. ‘ದುಗ್ಧಕಣ’ ಎಂದು ಬರೆದರೆ ಹಾಲಿನ ಕಣವೆಂದು ತಿಳಿಯುವವರೇ ಹೆಚ್ಚು, ಹಾಗಾಗಿ ಲಿಂಫೋಸೈಟ್ ಎಂದೇ ಇಟ್ಟೆ. ಪ್ರತಿಕಾಯ, ಅಸ್ಥಿಮಜ್ಜೆಗಳನ್ನು ಬಿಡಲಿಲ್ಲ. ಕಾಸರಗೋಡಿನ ರೋಗಿಗಳು ಮಂಗಳೂರಿಗೋ ತಲಶ್ಶೇರಿಗೋ ತಿರುವನಂತಪುರಕ್ಕೋ ಹೋಗಿ ಬರುವಾಗ ಕೈಯಲ್ಲಿರುವ ಚೀಟಿ ಇಂಗ್ಲಿಷಿನಲ್ಲಿರುತ್ತದೆ, ಕಿವಿಗೆ ಬೀಳುವ ವಿವರಣೆ ಹಲವು ಸಲ ಮಲಯಾಳದಲ್ಲಿರುತ್ತದೆ. ಚೀಟಿಯಲ್ಲಿ ಕಂಡ ಪದ ಹೊತ್ತಗೆಯಲ್ಲೂ ಸಿಕ್ಕರೆ ಮನೆಯ ಮಗುವಾದರೂ ಓದಿ ಹೇಳೀತು.

ಇನ್ನು ಉಳಿದಿರುವುದು ಭಾರತದ ಅಧ್ಯಾಯ. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೆಂಟರಿನಲ್ಲಿ ರೂಪುಗೊಂಡ ನೆಕ್ಸ್‌ಕಾರ್19 ಎಂಬ ಇದೇ ಬಗೆಯ ಚಿಕಿತ್ಸೆಗೆ 2023ರ ಅಕ್ಟೋಬರಿನಲ್ಲಿ ಅನುಮತಿ ದೊರೆತು, 2024ರ ಏಪ್ರಿಲ್‌ನಲ್ಲಿ ರಾಷ್ಟ್ರಪತಿ ದ್ರೌಪದಿ ಮುರ್ಮು ಅದನ್ನು ಲೋಕಾರ್ಪಣೆ ಮಾಡಿದರು. ಅಮೆರಿಕದ ಬೆಲೆಯ ಸಣ್ಣದೊಂದು ಪಾಲು ಎಂದು ಬರೆಯುವುದು ಸುಲಭ. ಆ ಪಾಲೇ ಹತ್ತಾರು ಲಕ್ಷ ರೂಪಾಯಿ ಎಂಬುದನ್ನು ಅದೇ ವಾಕ್ಯದಲ್ಲಿ ಹೇಳದಿದ್ದರೆ ಓದುಗರಿಗೆ ಮೋಸವಾಗುತ್ತದೆ. ಈ ಪುಟವನ್ನು ಹೊಂದಿಸಲು ಇನ್ನೂ ಒಂದು ವಾರ ಬೇಕು. ಐದನೆಯ ಗಾಜಿನ ಛಾಯಾಚಿತ್ರವನ್ನು ಮೊಬೈಲಿನಲ್ಲಿ ತೆಗೆಯಲು ನೋಡಿದರೆ ಕಣ್ಣುಮಸೂರದ ಮೇಲೆ ಕೈ ನಿಲ್ಲುವುದಿಲ್ಲ. ಪಿವಿಸಿ ಪೈಪಿನ ತುಂಡನ್ನು ಕೊರೆದು ಹಿಡಿಕೆಯೊಂದನ್ನು ಮಾಡುತ್ತಿದ್ದೇನೆ.