ಮೈದನಹಳ್ಳಿಯ ಬಯಲಿಗೂ ಒಂದು ಕ್ಯಾಮೆರಾ ಬೇಕು

2020ರಲ್ಲಿ 'ವೈಲ್ಡ್ ಕರ್ನಾಟಕ' ಥಿಯೇಟರಿಗೆ ಬಂದಾಗ ತುಮಕೂರಿನ ನಮ್ಮ ಗೆಳೆಯರ ಗುಂಪಿನಲ್ಲಿ ಅದೇ ಮಾತು. ಅದಕ್ಕೆ ಬ್ರಿಟನ್ನಿನ ಹೆಸರಾಂತ ವನ್ಯಜೀವಿ ನಿರೂಪಕ ಡೇವಿಡ್ ಅಟೆನ್‌ಬರೋ ದನಿ ಬೇರೆ! ಆದರೆ ಇಂಥ ಸಾಕ್ಷ್ಯಚಿತ್ರ ನೋಡಿದವರ ತಲೆಯಲ್ಲಿ ಉಳಿಯುವುದು ಜಾಸ್ತಿ ಹುಲಿ, ಆನೆ, ದಟ್ಟ ಮರಗಳೇ. ಬಯಲುಸೀಮೆಯ ಹುಲ್ಲುಗಾವಲು ಯಾರಿಗೂ ನೆನಪಾಗುವುದಿಲ್ಲ ಅನ್ನೋದು ನನ್ನ ತಕರಾರು.

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಹತ್ತಿರ ಜಯಮಂಗಲಿ ಕೃಷ್ಣಮೃಗ ಮೀಸಲು ಪ್ರದೇಶ ಇದೆ. 2007ರಲ್ಲಿ ಘೋಷಣೆ ಆಯ್ತು, ವಿಸ್ತೀರ್ಣ ಸುಮಾರು 798 ಎಕರೆ. ಅಷ್ಟೇ. ಕೃಷ್ಣಮೃಗಗಳಿಗೆ ಗಡಿ ಗೊತ್ತಿಲ್ಲ, ಪಕ್ಕದ ಹೊಲಕ್ಕೆ ಮೇಯಲು ಹೋಗುತ್ತವೆ, ರೈತರಿಗೆ ಸಿಟ್ಟು ಬರುತ್ತದೆ, ಅದು ನ್ಯಾಯವಾದ ಸಿಟ್ಟೇ ಅಲ್ವಾ? ಬೆಳೆ ಪರಿಹಾರ ಬೇಗ ಕೊಡದೆ ಸುಮ್ನೆ ಉಳಿಸಿ ಉಳಿಸಿ ಅಂದರೆ ಯಾರು ಕೇಳುತ್ತಾರೆ.

ನಮ್ಮ ದೇಶದಲ್ಲಿ ಎಷ್ಟೋ ಹುಲ್ಲುಗಾವಲುಗಳನ್ನು ಪಾಳುಭೂಮಿ ಪಟ್ಟಿಗೆ ಸೇರಿಸಿಬಿಟ್ಟಿದ್ದಾರೆ. ಹಾಗಾಗಿ ಒಳ್ಳೇ ಮನಸ್ಸಿನವರೂ ಅಲ್ಲಿ ಸಸಿ ನೆಡಲು ಹೊರಡುತ್ತಾರೆ. ದಯವಿಟ್ಟು ಬೇಡ. ಮರ ತುಂಬಿದರೆ ಕೃಷ್ಣಮೃಗಕ್ಕೆ ದೂರದ ಅಪಾಯ ಕಾಣುವುದಿಲ್ಲ, ಓಡಿ ತಪ್ಪಿಸಿಕೊಳ್ಳಲು ಬಯಲೂ ಇರುವುದಿಲ್ಲ. ವಿಡಿಯೋಗೆ ಅಂತ ದಾರಿ ಬಿಟ್ಟು ಗಾಡಿ ಇಳಿಸುವುದನ್ನೂ ನಿಲ್ಲಿಸಿ. ಟಿಟ್ಟಿಭ ಹಕ್ಕಿ ಬರೀ ನೆಲದ ಮೇಲೆ ಮೊಟ್ಟೆ ಇಡುತ್ತದೆ, ಅದು ಮಣ್ಣಿನ ಬಣ್ಣದಲ್ಲೇ ಇರುವುದರಿಂದ ಡ್ರೈವರ್ ಸೀಟಿನಿಂದ ಕಾಣುವುದೇ ಇಲ್ಲ.