ಕನ್ನಡಿಯೊಳಗಿನ ನಕ್ಷತ್ರ

ಪಿಯುಸಿಯಲ್ಲಿ ಸೈಕಾಲಜಿ ತಗೊಂಡಿದ್ದೇನೆ ಎಂದರೆ ನಮ್ಮ ಶಿರಸಿ ಕಡೆ ಎರಡೇ ಬಗೆಯ ಮಾತು. ಮದುವೆಮನೆ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತವರು, "ಹಂಗಾದ್ರೆ ಯನ್ನ ಮನಸಲ್ಲಿ ಎಂತ ಇದ್ದು ಹೇಳು ನೋಡನ" ಅನ್ನುತ್ತಿದ್ದರು. ಮಾವನದು ಇನ್ನೊಂದು: "ಅದು ಧಾರವಾಡಕ್ಕೆ ಸೇರಿಸವ್ವರ ಸಬ್ಜೆಕ್ಟು." ಧಾರವಾಡ ಅಂದರೆ ನಮಗೆ ಪೇಡೆಯೂ ಹೌದು, ಮಾನಸಿಕ ಆಸ್ಪತ್ರೆಯೂ ಹೌದು. ಬೆಳಗಾದರೆ ರೇಡಿಯೊ ಹಚ್ಚುವ ಮಾವನಿಗೆ, 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ಆಕಾಶವಾಣಿ ಶುರುಮಾಡಿದ ಎಂ.ವಿ. ಗೋಪಾಲಸ್ವಾಮಿಯವರು ಸೈಕಾಲಜಿ ಮೇಷ್ಟ್ರೇ ಎಂದೆ. ಮಾವ ರೇಡಿಯೊ ಸೌಂಡು ಜೋರು ಮಾಡಿದ.

ಎರಡನೇ ವರ್ಷ ಪ್ರಾಕ್ಟಿಕಲ್‌ನಲ್ಲಿ ಮಿರರ್ ಡ್ರಾಯಿಂಗ್ ಬಂತು. ಜೋಡಿಗೆರೆಯ ನಕ್ಷತ್ರವೊಂದರ ನಡುವೆ ಪೆನ್ಸಿಲ್ ಎಳೆಯಬೇಕು. ಕೈಗೆ ಮರೆ ಇಟ್ಟಿರುತ್ತಾರೆ, ಎದುರಿನ ಕನ್ನಡಿಯಲ್ಲಿ ಕಂಡದ್ದಷ್ಟೇ ದಾರಿ. ಗೆರೆ ಮುಟ್ಟಿದರೆ ತಪ್ಪು. ಮೂಲೆ ಬಂದಾಗ ಕಣ್ಣು ಒಂದು ಕಡೆ ಎಳೆದರೆ ಕೈ ಇನ್ನೊಂದು ಕಡೆ ಎಳೆದು, ಪೆನ್ಸಿಲ್ ಅಲ್ಲೇ ನಡುಗುತ್ತಾ ನಿಲ್ಲುತ್ತದೆ.

ಆ ದಿನ ಮೇಡಂ ಎಚ್.ಎಂ. ಎಂಬ ರೋಗಿಯ ಕಥೆ ಹೇಳಿದರು. ಮೂರ್ಛೆರೋಗಕ್ಕೆಂದು 1953ರಲ್ಲಿ ಮಿದುಳಿನ ಆಪರೇಷನ್ ಆದಮೇಲೆ ಅವನಿಗೆ ಹೊಸದೇನೂ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಬ್ರೆಂಡಾ ಮಿಲ್ನರ್ ಎಂಬ ಮನೋವಿಜ್ಞಾನಿ ಅವನಿಂದ ಇದೇ ನಕ್ಷತ್ರ ತಿದ್ದಿಸಿದರು. ಹಿಂದೆ ಮಾಡಿದ ನೆನಪೇ ಅವನಿಗಿಲ್ಲ, ತಪ್ಪುಗಳು ಮಾತ್ರ ದಿನದಿನಕ್ಕೆ ಇಳಿದವು.

ನನಗೆ ಥಟ್ಟನೆ ಅಜ್ಜಿ ನೆನಪಾದಳು. ಊಟ ಆಯ್ತೋ ಇಲ್ಲವೋ ಅವಳಿಗೆ ಗೊತ್ತಿರುತ್ತಿರಲಿಲ್ಲ. ಆದರೆ ಕೊನೆಕೊಯ್ಲಿನ ರಾತ್ರಿಗಳಲ್ಲಿ ಮೆಟ್ಟುಗತ್ತಿ ಮುಂದೆ ಕೂತರೆ ಅಡಿಕೆ ಸುಲಿಯುವ ಕೈ ಒಮ್ಮೆಯೂ ತಪ್ಪುತ್ತಿರಲಿಲ್ಲ.

ಅಪ್ಪನ ಶೇವಿಂಗ್ ಕನ್ನಡಿ, ಮರೆಗೊಂದು ಮೊರ. ಮೊದಲ ದಿನ ಅಜ್ಜಿ ಕನ್ನಡಿ ನೋಡಿ ಸೆರಗು ಸರಿಮಾಡಿಕೊಂಡಳು. ಮೊದಲ ಮೂಲೆಯಲ್ಲಿ ಪೆನ್ಸಿಲ್ ಎಷ್ಟು ಹೊತ್ತು ಸಿಕ್ಕಿಕೊಂಡಿತೆಂದರೆ ನಾನೇ ಗಡಿಯಾರ ನಿಲ್ಲಿಸಿದೆ. ಮರುದಿನ ಒಲ್ಲೆ ಅಂದಳು. ಮೂರನೇ ದಿನವೂ ಅಷ್ಟಕ್ಕಷ್ಟೇ. ನಾಲ್ಕನೇ ದಿನ, "ಎಂತದೇ ಕೂಸೇ ಇದು? ಆನು ನೋಡಿದ್ದೇ ಇಲ್ಲೆ" ಎನ್ನುತ್ತಲೇ ಮೊದಲ ಮೂಲೆ ತಿರುಗಿದಳು. ಎರಡನೆಯದೂ ಆಯಿತು. ಮೂರನೆಯದರಲ್ಲಿ ಗೆರೆ ದಾಟಿ ಹೊರಗೆ ಹೋದ ಪೆನ್ಸಿಲ್ ವಾಪಸು ಬರಲಿಲ್ಲ. ಹೊಸ್ತಿಲಿಗೆ ಶೇಡಿ ಎಳೆ ಬರೆದಂತೆ ಸುತ್ತು ಹಾಕುತ್ತಾ ಹೋಯಿತು. ತಪ್ಪು ಎಣಿಸುವುದನ್ನು ಬಿಟ್ಟೆ. ಆ ಎರಡು ಮೂಲೆ ನಾಲ್ಕು ದಿನದ ಕಲಿಕೆಯೋ, ಅರವತ್ತು ವರ್ಷ ರಂಗೋಲಿ ಬರೆದ ಕೈಯೋ, ಒಬ್ಬಳೇ ಅಜ್ಜಿ ಇಟ್ಟುಕೊಂಡು ಹೇಳುವ ಹಾಗಿಲ್ಲ.

ರೆಕಾರ್ಡಿಗೆ ಬೆಂಚಿನ ಗೆಳತಿಯೇ ಸಬ್ಜೆಕ್ಟ್ ಆದಳು. ಪ್ರಯೋಗಕ್ಕೆ ಕೂತವರಿಗೆ ಏನನ್ನಿಸಿತು ಎಂದು ಕೊನೆಯಲ್ಲಿ ಬರೆಯಬೇಕು. "ಮೊದಲು ಕಷ್ಟವಾಯಿತು, ಆಮೇಲೆ ಸುಲಭವಾಯಿತು" ಅಂತ ಇಡೀ ಕ್ಲಾಸೇ ಬರೆಯಿತು, ನಾನೂ ಬರೆದೆ.

ಅಜ್ಜಿಯನ್ನೂ ಕೇಳಿದ್ದೆ. ಹಾಳೆಯನ್ನು ದೂರ ಹಿಡಿದು ಅಚ್ಚಾದ ನಕ್ಷತ್ರವನ್ನು ನೋಡಿ ಅಂದಳು: "ಇದ್ರ ಬರೆದವ್ವು ಯಾರೇ? ಡೊಂಕಾಜು."