ಸಿಲ್ವರ್ ಓಕ್ ಗಿಟಾರ್: ಮೆರುಗು ಮುಗಿಯಿತು, ಜುಯ್ ಸದ್ದು ಕೊನೆಗೂ ಅಡಗಿತು

ಚಿಕ್ಕಮಗಳೂರಿನ ಕಾಫಿ ತೋಟದ ಸಿಲ್ವರ್ ಓಕ್ ಹಲಗೆಯಿಂದ ಮಾಡುತ್ತಿದ್ದ ಸ್ಟ್ರ್ಯಾಟ್ (ಫೆಂಡರ್ ಕಂಪನಿಯ ಸ್ಟ್ರ್ಯಾಟೊಕಾಸ್ಟರ್) ಆಕಾರದ ಎಲೆಕ್ಟ್ರಿಕ್ ಗಿಟಾರಿಗೆ ಮೆರುಗು ಹಚ್ಚುವ ಕೆಲಸ ಮುಗಿದಿದೆ. ಅದಕ್ಕಿಂತ ದೊಡ್ಡ ಸುದ್ದಿಯೆಂದರೆ, ತಂತಿ ಕಟ್ಟಿ ಆಂಪ್ಲಿಫೈಯರಿಗೆ ಜೋಡಿಸಿದ ಕ್ಷಣದಿಂದ ಬೆನ್ನು ಹತ್ತಿದ್ದ ಜುಯ್ ಸದ್ದಿನ ಮೂಲ ಸಿಕ್ಕಿದೆ. ರೌಟರ್ ಕೆಲಸ, ಕತ್ತಿನ ಜೋಡಣೆ, ಫ್ರೆಟ್ಟುಗಳನ್ನು ಮಟ್ಟ ಮಾಡಿದ್ದು ಇವೆಲ್ಲ ಎಲ್ಲರಿಗೂ ಪರಿಚಿತವಾದ ಹಾದಿಯಲ್ಲೇ ಸಾಗಿದ್ದರಿಂದ ಅವುಗಳ ವಿವರಕ್ಕೆ ಹೋಗುವುದಿಲ್ಲ. ಈ ಬಾರಿಯ ಬರಹವೆಲ್ಲ ಮೆರುಗಿಗೂ, ಹೊರಗಿನ ವಿದ್ಯುತ್ ಗದ್ದಲ ಒಳಬರದಂತೆ ತಡೆಯುವ ಕವಚಕ್ಕೂ (ಶೀಲ್ಡಿಂಗ್) ನಡುವೆ ಇರುವ ಹಗೆತನದ ಬಗ್ಗೆ.

ಸಿಲ್ವರ್ ಓಕನ್ನು ನಮ್ಮಲ್ಲಿ ಕಾಫಿಗೆ ನೆರಳಾಗಿಯೂ ಮೆಣಸಿನ ಬಳ್ಳಿಗೆ ಆಸರೆಯಾಗಿಯೂ ಬೆಳೆಸುತ್ತಾರೆಯೇ ಹೊರತು ವಾದ್ಯದ ಮರವೆಂದು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ದಿಮ್ಮಿಯನ್ನು ತಿರುಳಿನಿಂದ ತೊಗಟೆಯ ಕಡೆಗೆ ಸರಿಯಾದ ಕೋನದಲ್ಲಿ ಸೀಳಿಸಿದರೆ ಅದರ ಮೈಮೇಲೆ ಕಸೂತಿಯಂತಹ ಮಚ್ಚೆಗಳು ಮೂಡುತ್ತವೆ. ಬೆಳಕಿನತ್ತ ವಾಲಿಸಿದಾಗ ಅವು ಹೊಳೆಯುವುದನ್ನು ಒಮ್ಮೆ ನೋಡಿದವರು ಅದರ ಮೇಲೆ ದಪ್ಪ ಬಣ್ಣ ಬಳಿಯಲು ಒಪ್ಪಲಾರರು. ಹೀಗಾಗಿ ನಡುವೆ ಜೇನು ಬಣ್ಣ, ಅಂಚಿನಲ್ಲಿ ಕಡುಕಂದು ಇರುವ ಸನ್‌ಬರ್ಸ್ಟ್ ಮಾಡಿ, ಮೇಲೆ ಪಾರದರ್ಶಕ ಎನ್‌ಸಿ (ನೈಟ್ರೊಸೆಲ್ಯುಲೋಸ್) ಲ್ಯಾಕರ್ ಹೊಡೆಯುವುದೆಂದು ನಿರ್ಧರಿಸಿದ್ದೆ. ಮರಕ್ಕೂ ಲ್ಯಾಕರಿಗೂ ನಡುವೆ ಸೀಲರ್ ಆಗಿ ಅರಗನ್ನೇ ಬಳಸಿದ್ದೇನೆ: ಒಂದು ಲೀಟರ್ ಸ್ಪಿರಿಟ್ಟಿಗೆ 240 ಗ್ರಾಂ ಶೆಲ್ಲಾಕ್ ಚಕ್ಕೆ, ಮೊದಲ ಕೈಗೆ ಅದರ ಅರ್ಧದಷ್ಟು ತೆಳು.

ಅರಗಿನ ಬಗ್ಗೆ ನನಗೆ ವಿಶೇಷ ಮಮತೆಯಿದೆ. ಚನ್ನಪಟ್ಟಣದ ಕುಶಲಕರ್ಮಿಗಳು ಲೇತಿನಲ್ಲಿ ತಿರುಗುವ ಆಲೆ ಮರದ ತುಂಡಿನ ಮೇಲೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ, ಆ ಘರ್ಷಣೆಯ ಶಾಖದಿಂದಲೇ ಅದನ್ನು ಕರಗಿಸಿ ಹಚ್ಚುತ್ತಾರೆ. ದ್ರಾವಕದ ಹಂಗೇ ಇಲ್ಲ. ಇಂದು ಚುನಾವಣೆಯ ಅಳಿಸಲಾಗದ ಶಾಯಿಗೆ ಹೆಸರಾಗಿರುವ ಮೈಸೂರಿನ ಕಾರ್ಖಾನೆ 1937ರಲ್ಲಿ ಆರಂಭವಾದಾಗ ಅದರ ಹೆಸರಿನಲ್ಲಿಯೇ ಅರಗು ಇತ್ತು: ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್. ಅರಗು ಬಹುತೇಕ ಎಲ್ಲದಕ್ಕೂ ಅಂಟುತ್ತದೆ, ಮರದ ಎಣ್ಣೆ ಮೇಲೇರದಂತೆ ತಡೆಯುತ್ತದೆ, ಬೇಗ ಒಣಗುತ್ತದೆ. ಪ್ಲಾಸ್ಟಿಕ್ ಬರುವ ಮೊದಲು ವಿದ್ಯುತ್ ಸುರುಳಿಗಳಿಗೆ ನಿರೋಧಕ ಲೇಪವಾಗಿಯೂ ಅದನ್ನು ಬಳಸುತ್ತಿದ್ದರು. ಈ ಕೊನೆಯ ಗುಣವನ್ನು ನೆನಪಿನಲ್ಲಿಡಿ, ಮುಂದಿನ ಕಥೆಯೆಲ್ಲ ಅದರ ಮೇಲೆಯೇ ನಿಂತಿದೆ.

ಚಕ್ಕೆ ಮಾರಿದ ಅಂಗಡಿಯವರ ಬಗ್ಗೆ ಒಂದು ದೂರು ಹೇಳಲೇಬೇಕು. ಪೊಟ್ಟಣದ ಮೇಲೆ ಮೇಣ ತೆಗೆದದ್ದೆಂದು ದೊಡ್ಡದಾಗಿ ಬರೆದಿದ್ದರೂ, ಕರಗಿಸಿ ಎರಡು ದಿನ ಬಿಟ್ಟಾಗ ಸೀಸೆಯ ತಳದಲ್ಲಿ ಬೆರಳಗಲದ ಮಸುಕು ಮೇಣ ಕೂತಿತ್ತು. ಮೇಣವಿರುವ ಅರಗಿನ ಮೇಲೆ ಮುಂದಿನ ಲೇಪ ಗಟ್ಟಿಯಾಗಿ ಹಿಡಿಯುವ ಭರವಸೆಯಿಲ್ಲ. ಪಿಯು (ಪಾಲಿಯುರೆಥೇನ್) ಹೊಡೆಯುವವರಿಗಂತೂ ಇದು ದೊಡ್ಡ ಅಪಾಯ. ಅಲುಗಾಡಿಸದೆ ಮೇಲಿನ ತಿಳಿಯನ್ನು ಮಾತ್ರ ಬಸಿದುಕೊಂಡರೆ ಕೆಲಸ ಸಾಗುತ್ತದೆ, ನಿಜ. ಆದರೆ ಹೆಚ್ಚಿನ ಬೆಲೆ ಕೊಟ್ಟವನು ಆ ಕೆಲಸವನ್ನೂ ತಾನೇ ಮಾಡಿಕೊಳ್ಳಬೇಕಾದರೆ ಆ ಬೆಲೆಗೆ ಅರ್ಥವೇನು?

ಮಳೆಗಾಲದಲ್ಲಿ ಲ್ಯಾಕರ್ ಹೊಡೆದವರಿಗೆಲ್ಲ ಬಿಳಿ ಮಂಜಿನ ಕಾಟ ಗೊತ್ತಿದೆ. ಥಿನ್ನರ್ ಆರುವ ವೇಗಕ್ಕೆ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಅಲ್ಲಿ ನೀರಾಗಿ ಕೂತು ಪೊರೆಯೊಳಗೆ ಸಿಕ್ಕಿಕೊಳ್ಳುತ್ತದೆ. ಬೆಂಗಳೂರಿನ ಜುಲೈ ತಿಂಗಳಿನಲ್ಲಿ ಇದಕ್ಕೆ ನಿಧಾನವಾಗಿ ಆರುವ ರಿಟಾರ್ಡರ್ ಬೆರೆಸುವುದು, ಇಲ್ಲವೇ ಬಿಸಿಲು ಬೀಳುವ ಮಧ್ಯಾಹ್ನಕ್ಕೆ ಕಾಯುವುದು, ಇವೆರಡೇ ದಾರಿ. ನಾನು ಎರಡನ್ನೂ ಹಿಡಿದೆ. ಲ್ಯಾಕರ್ ಪೂರ್ತಿ ಗಟ್ಟಿಯಾಗಲು ವಾರಗಟ್ಟಲೆ ಬಿಟ್ಟು, ಆಮೇಲೆ 1000, 1500, 2000ರ ವಾಟರ್ ಪೇಪರಿನಿಂದ ತಿಕ್ಕಿ ಹೊಳಪು ಕೊಟ್ಟದ್ದಾಯಿತು. ಮಚ್ಚೆಗಳು ನಾನು ಬಯಸಿದ್ದಕ್ಕಿಂತ ಚೆನ್ನಾಗಿ ಎದ್ದು ಬಂದಿವೆ.

ಇನ್ನು ಕವಚದ ವಿಷಯ. ಮೆರುಗಿಗೆ ಮೊದಲೇ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಿಗ್ನಲ್ ಆಗಿಸುವ ಸುರುಳಿ) ಮತ್ತು ನಿಯಂತ್ರಣದ ಗುಳಿಗಳಿಗೆಲ್ಲ ಇಂಗಾಲದ ವಾಹಕ ಬಣ್ಣ ಬಳಿದಿದ್ದೆ. ಹೊಳಪು ಕೊಟ್ಟ ಮೈಯ ಪಕ್ಕದಲ್ಲಿ ಆ ಕಪ್ಪು ಮಸಿಯನ್ನು ಕುಂಚದಲ್ಲಿ ಆಡಿಸುವ ಧೈರ್ಯ ನನಗಿಲ್ಲದ್ದರಿಂದ ಈ ಕ್ರಮವೇ ಸರಿಯೆಂದು ಈಗಲೂ ಭಾವಿಸುತ್ತೇನೆ. ಗುಳಿಯ ತುಟಿಯಿಂದ ಹೊರಕ್ಕೆ, ಗುಳಿಗಳನ್ನು ಮುಚ್ಚುವ ಪ್ಲಾಸ್ಟಿಕ್ ಫಲಕವಾದ ಪಿಕ್‌ಗಾರ್ಡಿನ ಒಂದು ಸ್ಕ್ರೂ ಬರುವ ಕಡೆಗೆ, ಅದೇ ಬಣ್ಣದ ಒಂದು ನಾಲಿಗೆಯನ್ನು ಎಳೆದಿದ್ದೆ. ಪಿಕ್‌ಗಾರ್ಡಿನ ಹಿಂಬದಿಯ ತಾಮ್ರದ ಹಾಳೆ ಮುಚ್ಚಿದಾಗ ಆ ನಾಲಿಗೆಯ ಮೇಲೆ ಕೂರಬೇಕು. ಹಾಳೆಗೆ ಪಾಟುಗಳ (ವಾಲ್ಯೂಮ್, ಟೋನ್ ಗುಂಡಿಗಳಡಿಯ ಪೊಟೆನ್ಷಿಯೊಮೀಟರ್) ಲೋಹದ ಮೈಯಿಂದ ಗ್ರೌಂಡ್ (ಅರ್ತಿಂಗ್ ಸಂಪರ್ಕ) ಸಿಗುತ್ತದೆ, ನಾಲಿಗೆಯ ಮೂಲಕ ಅದು ಗುಳಿಗೂ ಇಳಿಯುತ್ತದೆ. ಮೆರುಗು ಹಚ್ಚುವಾಗ ಗುಳಿಗೂ ನಾಲಿಗೆಗೂ ಟೇಪು ಹಚ್ಚಿ ಮುಚ್ಚಿದ್ದೆ.

ಎಲ್ಲ ಜೋಡಿಸಿ ನುಡಿಸಿದಾಗ ಗುಂಯ್ ಎನ್ನುವ ತಗ್ಗಿನ ಸದ್ದಿನ ಮೇಲೆ ಜುಯ್ ಎನ್ನುವ ಚೂಪಾದ ಸದ್ದು ಸವಾರಿ ಮಾಡುತ್ತಿತ್ತು. ಕೋಣೆಯ ಎಲ್‌ಇಡಿ ದೀಪ ಹಾಕಿದರೆ ಅದು ಏರುತ್ತಿತ್ತು, ತಂತಿಗಳ ಮೇಲೆ ಕೈಯಿಟ್ಟರೆ ಇಳಿಯುತ್ತಿತ್ತು, ಅಂಗೈಯನ್ನು ಪಿಕ್‌ಗಾರ್ಡಿನ ಹತ್ತಿರ ತಂದರೆ ಮತ್ತೆ ಏರುತ್ತಿತ್ತು. ಈ ಎರಡು ಸದ್ದುಗಳನ್ನು ಬೇರ್ಪಡಿಸಿ ಕೇಳಲು ಕಲಿಯುವುದು ಬಹಳ ಮುಖ್ಯ. ಗುಂಯ್ ಎನ್ನುವುದು 50 ಹರ್ಟ್ಸ್‌ನ ಕಾಂತಕ್ಷೇತ್ರವನ್ನು ಸುರುಳಿ ಹಿಡಿದುಕೊಳ್ಳುವುದರಿಂದ ಬರುವಂಥದ್ದು. ಗಿಟಾರನ್ನು ಹಿಡಿದು ಸುತ್ತ ತಿರುಗಿದರೆ ಒಂದು ದಿಕ್ಕಿನಲ್ಲಿ ಅದು ಬಹುತೇಕ ಮಾಯವಾಗುತ್ತದೆ. ಜುಯ್ ಎನ್ನುವುದು ವಿದ್ಯುತ್ ಕ್ಷೇತ್ರದಿಂದ, ಗಾಳಿಯ ಮೂಲಕ ನಡೆಯುವ ಧಾರಣ (ಕೆಪಾಸಿಟೆನ್ಸ್) ಸಂಪರ್ಕದಿಂದ ಬರುವಂಥದ್ದು. ಆವರ್ತನ ಹೆಚ್ಚಿದಷ್ಟೂ ಹೀಗೆ ಹರಿಯುವ ಪ್ರವಾಹ ಹೆಚ್ಚುವುದರಿಂದ ಅದರ ದನಿ ಅಷ್ಟು ಚೂಪು. ಕವಚ ತಡೆಯಬಲ್ಲದ್ದು ಎರಡನೆಯದನ್ನು ಮಾತ್ರ. ಹಾಗಿರುವಾಗ ಕವಚವಿದ್ದೂ ಅದೇ ಸದ್ದು ಏಕೆ?

ಇದೇ ಕೇಬಲಿನಲ್ಲಿ, ಇದೇ ಕೋಣೆಯಲ್ಲಿ ಗೆಳೆಯರ ಗಿಟಾರ್ ಮೌನವಾಗಿದ್ದುದರಿಂದ ಆಂಪ್ಲಿಫೈಯರನ್ನೂ ಮನೆಯ ಅರ್ತಿಂಗನ್ನೂ ಅನುಮಾನಿಸಬೇಕಾಗಿರಲಿಲ್ಲ. ಮಲ್ಟಿಮೀಟರ್ ಹಿಡಿದಾಗ ನಾಲಿಗೆಯಿಂದ ಅತಿ ದೂರದ ಪಿಕಪ್ ಗುಳಿಯವರೆಗೆ ಸುಮಾರು 3 ಕಿಲೋ ಓಮ್ ತೋರಿಸಿತು. ಕೇಳಿದವರೆಲ್ಲ ಇದೇ ರೋಗವೆಂದರು, ಬಣ್ಣ ಕೆರೆದು ಪೂರ್ತಿ ತಾಮ್ರ ಹಾಕಿ ಎಂದರು. ಬಣ್ಣದ ಸೀಸೆ ತಲುಪಿದಾಗ ಅದರ ಇಂಗಾಲವೆಲ್ಲ ತಳದಲ್ಲಿ ಹೆಪ್ಪುಗಟ್ಟಿ ಕೂತಿತ್ತಾದ್ದರಿಂದ ನನಗೂ ಆ ಸಂಶಯವಿತ್ತು. ಆದರೆ ಲೆಕ್ಕ ಹಾಕಿ ನೋಡಿದರೆ ಆ ಮಾತು ನಿಲ್ಲುವುದಿಲ್ಲ. ಗೋಡೆಯೊಳಗಿನ 230 ವೋಲ್ಟಿನ ತಂತಿಗೂ ಗಿಟಾರಿನ ಕವಚಕ್ಕೂ ನಡುವೆ 1 ಪಿಕೊಫ್ಯಾರಡ್ ಧಾರಣವಿದೆಯೆಂದು ಇಟ್ಟುಕೊಳ್ಳಿ. 50 ಹರ್ಟ್ಸ್‌ನಲ್ಲಿ ಅದರ ತಡೆ 3 ಗಿಗಾ ಓಮ್‌ಗೂ ಮೇಲು, ಹರಿಯುವ ಪ್ರವಾಹ ಸುಮಾರು 0.07 ಮೈಕ್ರೊ ಆಂಪಿಯರ್. ಅದು 3 ಕಿಲೋ ಓಮ್ ದಾಟಿ ಗ್ರೌಂಡಿಗೆ ಇಳಿಯುವಾಗ ಕವಚದ ಮೇಲೆ ಏಳುವುದು ಸುಮಾರು 0.2 ಮಿಲಿವೋಲ್ಟ್ ಮಾತ್ರ. ಅಷ್ಟೂ ನೇರವಾಗಿ ಸಿಗ್ನಲಿಗೆ ಸೇರುವುದಿಲ್ಲ. ಮತ್ತೆ ಪಿಕೊಫ್ಯಾರಡ್‌ಗಳ ಇನ್ನೊಂದು ಕಂದಕ ದಾಟಿದ ಮೇಲೆ ಸಿಗ್ನಲ್ ತಂತಿಗೆ ತಲುಪುವುದು ಕಿವಿಗೆ ನಿಲುಕುವಂಥದ್ದಲ್ಲ. ಗಿಟಾರಿನ ಕವಚಕ್ಕೆ ಓಮ್‌ಗಿಂತ ಕಡಿಮೆ ತಡೆ ಇರಲೇಬೇಕೆಂಬ ನಂಬಿಕೆಯನ್ನು ನಾವು ಬಿಡಬೇಕು. ಕವಚ ಗ್ರೌಂಡಿಗೆ ಸೇರಿದೆಯೇ ಇಲ್ಲವೇ ಎನ್ನುವುದೇ ಪ್ರಶ್ನೆ. ಸೇರದ ಕವಚ ಎಷ್ಟೇ ಒಳ್ಳೆಯ ವಾಹಕವಾಗಿದ್ದರೂ ಕ್ಷೇತ್ರವನ್ನು ತಡೆಯದು. ಹೊರಗಿನದನ್ನು ಒಳಗಿನ ತಂತಿಗಳಿಗೆ ದಾಟಿಸುವ ತಟ್ಟೆಯಾಗಿ ಕೂತಿರುತ್ತದೆ.

ಮೊದಲು ಸಿಕ್ಕಿದ್ದು ತಾಮ್ರದ ಟೇಪಿನ ಮೋಸ. ಅಂಟೂ ವಾಹಕವೆಂದು ಮಾರಾಟಗಾರರು ಖಾತ್ರಿ ಕೊಟ್ಟಿದ್ದ ಟೇಪು ಉದ್ದಕ್ಕೆ ಅಳೆದರೆ ಸೊನ್ನೆ ಓಮ್. ಒಂದರ ಮೇಲೊಂದು ಹಚ್ಚಿದ ಎರಡು ಪಟ್ಟಿಗಳ ನಡುವೆ ಅಳೆದರೆ ಸಂಪರ್ಕವೇ ಇಲ್ಲ. ಪಾಟುಗಳನ್ನು ತಾಗಿದ್ದ ಪಟ್ಟಿಗೆ ಮಾತ್ರ ಗ್ರೌಂಡ್ ಸಿಕ್ಕಿತ್ತು, ಉಳಿದವು ಅನಾಥವಾಗಿದ್ದವು. ಪಟ್ಟಿಗಳ ಕೂಡಿನ ಮೇಲೆ ಸೋಲ್ಡರ್ ಬೊಟ್ಟು ಇಡಬಹುದು, ಆದರೆ ಪಿವಿಸಿ ಪಿಕ್‌ಗಾರ್ಡ್ ಆ ಶಾಖಕ್ಕೆ ಮೆತ್ತಗಾಗಿ ಡೊಂಕಾಗುತ್ತದೆ. ಅದಕ್ಕಿಂತ ಸುಲಭದ ದಾರಿಯೆಂದರೆ, ಪ್ರತಿ ಪಟ್ಟಿಯ ಅಂಚನ್ನು ಕೆಲವು ಮಿಲಿಮೀಟರ್ ಕೆಳಕ್ಕೆ ಮಡಚಿ, ತಾಮ್ರದ ಮುಖವೇ ಕೆಳಗಿನ ತಾಮ್ರವನ್ನು ಮುಟ್ಟುವಂತೆ ಒತ್ತಿ ಕೂರಿಸುವುದು. ಹಾಗೆ ಮಾಡಿದ ಮೇಲೆ ಇಡೀ ಹಿಂಬದಿ ಒಂದೇ ಹಾಳೆಯಾಯಿತು, ಸದ್ದು ಸ್ವಲ್ಪ ತಗ್ಗಿತು, ಆದರೆ ಹೋಗಲಿಲ್ಲ.

ಈ ಹಂತದಲ್ಲಿ ತಲೆ ಕೆಡುವಂಥ ಸ್ಥಿತಿ. ಪಿಕ್‌ಗಾರ್ಡ್ ಬಿಚ್ಚಿ ಅಳೆದರೆ ಹಾಳೆಗೂ ಪಾಟಿಗೂ ಸಂಪರ್ಕವಿದೆ, ನಾಲಿಗೆಗೂ ಗುಳಿಗೂ ಸಂಪರ್ಕವಿದೆ. ಮುಚ್ಚಿದರೆ ಜುಯ್ ಎನ್ನುತ್ತದೆ. ಮುಚ್ಚಿದಾಗ ಒಳಗೇನಾಗುತ್ತಿದೆಯೆಂದು ತಿಳಿಯಲು ಗುಳಿಯ ತಳಕ್ಕೆ ಒಂದು ತೆಳು ತಂತಿಯನ್ನು ಅಂಟಿಸಿ, ಜಾಕಿನ ಗುಳಿಗೆ ಹೋಗುವ ರಂಧ್ರದಿಂದ ಅದನ್ನು ಹೊರಗೆಳೆದು, ಪಿಕ್‌ಗಾರ್ಡಿನ ಎಲ್ಲ ಸ್ಕ್ರೂಗಳನ್ನು ಬಿಗಿದ ಮೇಲೆ ಆ ತಂತಿಗೂ ಜಾಕಿನ ಗ್ರೌಂಡಿಗೂ ನಡುವೆ ಅಳೆದೆ. ಮೀಟರ್ ಏನನ್ನೂ ತೋರಿಸಲಿಲ್ಲ. ಗುಳಿಯ ಬಣ್ಣ ಪೂರ್ತಿ ತೇಲುತ್ತಿತ್ತು!

ಹಾಗಾದರೆ ಅಡ್ಡಿಯಿರುವುದು ನಾಲಿಗೆಯ ಮೇಲ್ಮೈಯಲ್ಲಿ. ಬರಿಗಣ್ಣಿಗೆ ಅದು ಕಪ್ಪಾಗಿಯೇ ಇತ್ತು. ಓರೆ ಬೆಳಕಿನಲ್ಲಿ ನೋಡಿದಾಗ ಮಾತ್ರ ಗುಳಿಯ ಬಣ್ಣಕ್ಕಿಂತ ಕೊಂಚ ಹೊಳಪು ಕಂಡಿತು. ಸೀಲರಿನ ತೆಳು ಅರಗು ಟೇಪಿನ ಅಂಚಿನಡಿ ಹರಿದು ಹೋಗಿ, ಸೂಕ್ಷ್ಮ ರಂಧ್ರಗಳಿರುವ ಇಂಗಾಲದ ಬಣ್ಣ ಅದನ್ನು ಹೀರಿಕೊಂಡು, ನಾಲಿಗೆಯ ಮೇಲೆ ಕಾಣದಷ್ಟು ತೆಳುವಾದ ಪೊರೆಯಾಗಿತ್ತು. ಮೀಟರಿನ ಕಡ್ಡಿ ಸೂಜಿಯಂತೆ ಚೂಪಾಗಿರುವುದರಿಂದ ಆ ಪೊರೆಯನ್ನು ಚುಚ್ಚಿ ಒಳಗಿನ ಇಂಗಾಲವನ್ನು ಮುಟ್ಟುತ್ತಿತ್ತು, ಚಪ್ಪಟೆಯಾದ ತಾಮ್ರದ ಹಾಳೆ ಪೊರೆಯ ಮೇಲೆಯೇ ಕೂತಿರುತ್ತಿತ್ತು. ಖಚಿತಪಡಿಸಿಕೊಳ್ಳಲು ನಾಲಿಗೆಯ ಮೇಲೆ ಒಂದು ರೂಪಾಯಿಯ ನಾಣ್ಯವಿಟ್ಟು, ಗಟ್ಟಿಯಾಗಿ ಒತ್ತಿ ಹಿಡಿದು, ಕಡ್ಡಿಯನ್ನು ನಾಣ್ಯಕ್ಕೆ ತಾಗಿಸಿದೆ: ಸಂಪರ್ಕವಿಲ್ಲ. ನಾಣ್ಯ ತೆಗೆದು ಅದೇ ಜಾಗಕ್ಕೆ ಕಡ್ಡಿ ಚುಚ್ಚಿದೆ: ಕೆಲವು ನೂರು ಓಮ್. ಇನ್ನು ಮುಂದೆ ಕವಚದ ಯಾವ ಕೂಡನ್ನೂ ನಾಣ್ಯವಿಲ್ಲದೆ ಅಳೆಯುವುದಿಲ್ಲ, ನೀವೂ ಅಳೆಯಬೇಡಿ.

ಪರಿಹಾರಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಸ್ಪಿರಿಟ್ಟಿನಿಂದ ಒರೆಸಿದರೆ ಅರಗು ಕರಗುತ್ತದೆ, ಆದರೆ ಪಕ್ಕದ ಮೆರುಗಿನಡಿಯ ಅರಗೂ ಮೆತ್ತಗಾಗುವ ಅಪಾಯವಿರುವುದರಿಂದ ಆ ದಾರಿ ಬೇಡ. ಸುತ್ತ ಟೇಪು ಹಚ್ಚಿ, ನಾಲಿಗೆ ಪೂರ್ತಿ ಮಂಕಾಗುವವರೆಗೆ ಒಣ ಎಮರಿ ಕಾಗದದಿಂದ ತಿಕ್ಕಿ, ಮೇಲೆ ಇನ್ನೊಂದು ಕೈ ವಾಹಕ ಬಣ್ಣ ಕೊಟ್ಟೆ. ಅಷ್ಟನ್ನೇ ನೆಚ್ಚದೆ, ಗುಳಿಯ ಗೋಡೆಗೆ ಸಣ್ಣ ಹಿತ್ತಾಳೆ ಸ್ಕ್ರೂವಿನಿಂದ ಒಂದು ಸೋಲ್ಡರ್ ಲಗ್ಗನ್ನು ಬಿಗಿದು, ಅದರಿಂದ ವಾಲ್ಯೂಮ್ ಪಾಟಿನ ಬೆನ್ನಿಗೆ ತಂತಿ ಎಳೆದಿದ್ದೇನೆ. ಮುಚ್ಚಳ ಹೇಗೇ ಕೂರಲಿ, ಗುಳಿಗೆ ಗ್ರೌಂಡ್ ತಪ್ಪುವುದಿಲ್ಲ. ಮುಚ್ಚುವ ಮೊದಲು ಪಾಟು ಮತ್ತು ಸ್ವಿಚ್ಚಿನ ಸಿಗ್ನಲ್ ಕಾಲುಗಳು ಗೋಡೆಯ ಕಪ್ಪು ಬಣ್ಣಕ್ಕೆ ತಾಗದಂತೆ ಅಲ್ಲಲ್ಲಿ ನಿರೋಧಕ ಟೇಪು ಹಚ್ಚುವುದನ್ನು ಬಿಡಬೇಡಿ. ತಾಗಿದರೆ ಗಿಟಾರ್ ಸುಮ್ಮನಾಗುತ್ತದೆ, ಇಲ್ಲವೇ ದನಿ ಮಂಕಾಗುತ್ತದೆ. ಈಗ ದೀಪ ಹಾಕಿದರೂ ಜುಯ್ ಇಲ್ಲ, ತಂತಿಯಿಂದ ಕೈ ತೆಗೆದರೂ ಇಲ್ಲ. ಇದರಿಂದ ನನಗೆ ಆಗಿರುವ ಸಂತೋಷ ಮರದ ಮಚ್ಚೆಗಳು ಕೊಟ್ಟ ಸಂತೋಷಕ್ಕಿಂತ ಹೆಚ್ಚು.

ಅರ್ತಿಂಗಿನ ಬಗ್ಗೆ ಒಂದು ಮಾತು. ತಂತಿಗಳು, ಕವಚ, ನಮ್ಮ ಕೈ, ಎಲ್ಲವೂ ಕೇಬಲಿನ ಮೂಲಕ ಆಂಪ್ಲಿಫೈಯರಿನ ಚಾಸಿಗೆ, ಅಲ್ಲಿಂದ ಗೋಡೆಯ ಮೂರನೆಯ ಪಿನ್ನಿಗೆ ಸೇರಿರುತ್ತವೆ. ಹಳೆಯ ಮನೆಗಳಲ್ಲಿ ಆ ಪಿನ್ನಿನ ಹಿಂದೆ ತಂತಿಯೇ ಇರದಿರುವುದುಂಟು. ಗಿಟಾರಿನ ತಂತಿ ಮುಟ್ಟಿದಾಗ ಬೆರಳು ಜುಮ್ಮೆಂದರೆ ನುಡಿಸುವುದನ್ನು ನಿಲ್ಲಿಸಿ ಎಲೆಕ್ಟ್ರಿಷಿಯನ್ನರನ್ನು ಕರೆಸಬೇಕು. 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಪ್ರವಾಹ ಸೋರಿದೊಡನೆ ವಿದ್ಯುತ್ ಕಡಿಯುವ ಸ್ವಿಚ್) ಪ್ರತಿ ಮನೆಯಲ್ಲೂ ಇರಬೇಕಾದದ್ದು.

ಉಳಿದಿರುವುದು ಗುಂಯ್. ಅದನ್ನು ತಾಮ್ರದ ಹಾಳೆಯಿಂದ ತಡೆಯಲು ಹೋಗುವುದು ವ್ಯರ್ಥ; 50 ಹರ್ಟ್ಸ್‌ನಲ್ಲಿ ಕ್ಷೇತ್ರವು ತಾಮ್ರದೊಳಕ್ಕೆ ಇಳಿಯುವ ಆಳ ಸುಮಾರು 9 ಮಿಲಿಮೀಟರ್, ನಮ್ಮ ಹಾಳೆಯೋ ಮಿಲಿಮೀಟರಿನ ಹತ್ತನೆಯ ಒಂದು ಭಾಗಕ್ಕೂ ಕಡಿಮೆ. ಗಿಬ್ಸನ್ ಸಂಸ್ಥೆಯ ಸೆತ್ ಲವರ್ 1955ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಹಂಬಕರಿನ ಉಪಾಯವೇ ಇಲ್ಲಿ ದಾರಿ: ಎದುರುಬದುರು ಸುತ್ತಿದ, ಕಾಂತಧ್ರುವ ತಿರುಗಿಸಿದ ಎರಡು ಸುರುಳಿಗಳು ಗುಂಯ್ ಸದ್ದನ್ನು ಪರಸ್ಪರ ಅಳಿಸಿ ತಂತಿಯ ನಾದವನ್ನು ಕೂಡಿಸುತ್ತವೆ. ನನ್ನ ಗಿಟಾರಿನ ನಡುವಿನ ಪಿಕಪ್ ಪಕ್ಕದವುಗಳಿಗೆ ಹಾಗೆ ಎದುರುಬದುರಾಗಿ ಸುತ್ತಿದ್ದಲ್ಲ. ಆದ್ದರಿಂದ ಮುಂದಿನ ಕೆಲಸ ಆ ಪಿಕಪ್ಪನ್ನು ನಾನೇ ಸುತ್ತುವುದು. ಬೇಕಿರುವುದು ಅಮೆರಿಕದ ತಂತಿ ಅಳತೆಯಲ್ಲಿ 42 ಎಡಬ್ಲ್ಯುಜಿ, ಅಂದರೆ ಸುಮಾರು 0.063 ಮಿಲಿಮೀಟರಿನ ಎನಾಮಲ್ ತಂತಿ, ಹತ್ತಿರ ಹತ್ತಿರ 8,000 ಸುತ್ತು. ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಬರಿಯ 42 ಎಂದು ಕೇಳಿದರೆ ಸಿಗುವುದು ಬ್ರಿಟಿಷ್ ಅಳತೆಯ 42 ಎಸ್‌ಡಬ್ಲ್ಯುಜಿ, ಅದು 0.1 ಮಿಲಿಮೀಟರ್ ದಪ್ಪ, ಅಷ್ಟು ಸುತ್ತು ಬಾಬಿನಿನಲ್ಲಿ ಹಿಡಿಯುವುದಿಲ್ಲ. ನಮಗೆ ಹತ್ತಿರವಾದದ್ದು 46 ಎಸ್‌ಡಬ್ಲ್ಯುಜಿ. ಅದು ಕಿಲೋ ಲೆಕ್ಕದಲ್ಲಿ ಮಾತ್ರ ಸಿಗುತ್ತದೆಂದು ಅಂಗಡಿಯವರು ಹಟ ಹಿಡಿದಿದ್ದಾರೆ; ಒಂದು ಪಿಕಪ್ಪಿಗೆ ಕೆಲವು ಹತ್ತು ಗ್ರಾಂ ಸಾಕು. ಬೆಂಗಳೂರಿನ ಸುತ್ತಮುತ್ತ ಪಿಕಪ್ ಸುತ್ತುವ ಯೋಚನೆಯಲ್ಲಿರುವವರು ಒಂದು ರೀಲನ್ನು ಹಂಚಿಕೊಳ್ಳಲು ಸಿದ್ಧರಿದ್ದರೆ ತಿಳಿಸಿ.